ಹಳೆ ಮ್ಯಾಸಿ 1035ಕ್ಕೆ ಸೆಕೆಂಡ್ ಹ್ಯಾಂಡ್ ಬೇಲರ್: ಚೌಕದ್ದೋ, ರೌಂಡೋ?

ಪ್ರಶ್ನೆ: ನಮ್ಮದು ಮಂಡ್ಯ ಜಿಲ್ಲೆ, ನಾಲೆ ನೀರಿನ ಐದು ಎಕರೆ ಗದ್ದೆ, ಆರು ಹಸು. ಅಪ್ಪ ತಗೊಂಡ 1986ರ ಮ್ಯಾಸಿ ಫರ್ಗುಸನ್ 1035 ಟ್ರ್ಯಾಕ್ಟರ್ ಇವತ್ತಿಗೂ ಚೆನ್ನಾಗಿ ಓಡುತ್ತಿದೆ. ಭತ್ತಕ್ಕೆ ಕಂಬೈನ್ (ಕೊಯ್ಲು ಯಂತ್ರ) ಬಂದು ಹೋದ ಮೇಲೆ ಹುಲ್ಲು ಗದ್ದೆಯಲ್ಲೇ ಉಳಿಯುತ್ತದೆ. ಹುಲ್ಲು ಒತ್ತಿ ಕಟ್ಟುವ ಯಂತ್ರ, ಅಂದರೆ ಬೇಲರ್, ಬಾಡಿಗೆಗೆ ತರುವವರು ಒಂದು ರೋಲ್‌ಗೆ 40 ರೂಪಾಯಿ ತಗೊಳ್ಳುತ್ತಾರೆ, ಎಕರೆಗೆ ಸುಮಾರು 60 ರೋಲ್ ಆಗುತ್ತದೆ. ಅವರಿಗಾಗಿ ಕಾಯುವುದರಲ್ಲೇ ಹೋದ ವರ್ಷ ಹುಲ್ಲು ಮಳೆಗೆ ಸಿಕ್ಕಿತು. ಈಗ ಎರಡು ಹಳೆ ಬೇಲರ್ ನೋಡಿದ್ದೇವೆ. ಚೌಕದ ಕಟ್ಟು ಕಟ್ಟುವುದು ಒಂದೂವರೆ ಲಕ್ಷಕ್ಕೆ, ಚಿಕ್ಕ ರೌಂಡ್ ಬೇಲರ್ 1.9 ಲಕ್ಷಕ್ಕೆ ಸಿಗುತ್ತಿದೆ. ನಮ್ಮ ಟ್ರ್ಯಾಕ್ಟರ್‌ಗೆ ಯಾವುದು ಸರಿ? ನೋಡುವಾಗ ಏನೇನು ಪರೀಕ್ಷೆ ಮಾಡಬೇಕು?

ಉತ್ತರ: ಕಡಿಮೆ ದುಡ್ಡಿಗೆ ಸಿಗುತ್ತದೆ ಅಂತ ಚೌಕದ್ದು ತಗೊಳ್ಳಬೇಡಿ. ನಿಮ್ಮ ಗದ್ದೆಗೆ, ನಿಮ್ಮ ಟ್ರ್ಯಾಕ್ಟರ್‌ಗೆ ಚಿಕ್ಕ ರೌಂಡ್ ಬೇಲರ್ ಸರಿ. ಅದನ್ನೂ ಗದ್ದೆಯಲ್ಲಿ ಓಡಿಸಿ ನೋಡದೆ ಮುಂಗಡ ಕೊಡಬೇಡಿ. ಆದರೆ ಬೇಲರ್ ನೋಡಲು ಹೋಗುವ ಮೊದಲು ಮನೆಯಲ್ಲಿರುವ ಟ್ರ್ಯಾಕ್ಟರನ್ನೇ ಒಂದು ಸಲ ಪರೀಕ್ಷೆ ಮಾಡಿ. ಹಳೆ ಟ್ರ್ಯಾಕ್ಟರ್‌ಗೆ ಬೇಲರ್ ಹೊಂದುತ್ತದೋ ಇಲ್ಲವೋ ಅನ್ನುವುದನ್ನು ಎಷ್ಟೋ ಸಲ ಎಚ್‌ಪಿಗಿಂತ ಜಾಸ್ತಿ ಕ್ಲಚ್ಚೇ ನಿರ್ಧರಿಸುತ್ತದೆ.

ನಿಮ್ಮ ಟ್ರ್ಯಾಕ್ಟರ್ ಒಳ್ಳೆ ವಂಶದ್ದು. 1956ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಶುರುವಾದ 35 ಮಾದರಿಯ ಸಂತತಿ ಅದು. ಇಲ್ಲಿ ಚೆನ್ನೈನ ಟಾಫೆ ಕಂಪನಿ ಮಾಡಿತು. ಆ ಕಾಲದಲ್ಲೇ ಈ ಟ್ರ್ಯಾಕ್ಟರ್‌ಗೆ ಎರಡು ಹಂತದ ಕ್ಲಚ್ ಬಂದಿತ್ತು. ಪೆಡಲ್ ಅರ್ಧ ಒತ್ತಿದರೆ ಟ್ರ್ಯಾಕ್ಟರ್ ನಿಲ್ಲುತ್ತದೆ, ಪಿಟಿಒ (ಹಿಂದೆ ಕಟ್ಟಿದ ಯಂತ್ರವನ್ನು ತಿರುಗಿಸುವ ಟ್ರ್ಯಾಕ್ಟರಿನ ಶಾಫ್ಟ್) ತಿರುಗುತ್ತಲೇ ಇರುತ್ತದೆ. ಪೂರ್ತಿ ಒತ್ತಿದರೆ ಪಿಟಿಒ ಕೂಡ ನಿಲ್ಲುತ್ತದೆ. ಇದನ್ನೇ ಡ್ಯುಯಲ್ ಕ್ಲಚ್ ಅನ್ನುವುದು. ಆದರೆ ಎಲ್ಲ ಗಾಡಿಗೂ ಅದು ಇರಲಿಲ್ಲ, ಸಿಂಗಲ್ ಕ್ಲಚ್‌ನವೂ ಇದ್ದವು. ಸಾಲದ್ದಕ್ಕೆ ಇಷ್ಟು ವರ್ಷದಲ್ಲಿ ಯಾವುದೋ ಒಂದು ರಿಪೇರಿಯಲ್ಲಿ ಕಡಿಮೆ ಖರ್ಚಿಗೆ ಅಂತ ಸಿಂಗಲ್ ಪ್ಲೇಟ್ ಹಾಕಿಸಿರಲೂಬಹುದು. ಅದಕ್ಕೇ ಕೇಳಿ ನಂಬುವ ಬದಲು ಕಣ್ಣಾರೆ ನೋಡಿ.

ಪರೀಕ್ಷೆ ಸುಲಭ. ಸಮತಟ್ಟಾದ ಬಯಲಿನಲ್ಲಿ, ಹಿಂದೆ ಏನೂ ಸಿಕ್ಕಿಸದೆ, ಪಿಟಿಒ ಹಾಕಿ. ಲೋ ಫಸ್ಟ್ ಗೇರಿನಲ್ಲಿ ನಿಧಾನ ಹೊರಡಿ. ಇನ್ನೊಬ್ಬರು ದೂರದಲ್ಲಿ ನಿಂತು ಹಿಂದಿನ ಪಿಟಿಒ ತುದಿಯನ್ನು ನೋಡುತ್ತಿರಲಿ. ಕ್ಲಚ್ಚನ್ನು ಮೆಲ್ಲಗೆ ಒತ್ತುತ್ತಾ ಬನ್ನಿ. ಟ್ರ್ಯಾಕ್ಟರ್ ನಿಂತ ಮೇಲೂ ಪಿಟಿಒ ಅದೇ ವೇಗದಲ್ಲಿ ತಿರುಗುತ್ತಿದ್ದರೆ ಡ್ಯುಯಲ್ ಕ್ಲಚ್ ಇದೆ, ಕೆಲಸವನ್ನೂ ಮಾಡುತ್ತಿದೆ. ಎರಡೂ ಒಟ್ಟಿಗೆ ನಿಂತರೆ ಅದು ಸಿಂಗಲ್, ಅಥವಾ ಡ್ಯುಯಲ್ ಇದ್ದರೂ ಅಡ್ಜಸ್ಟ್‌ಮೆಂಟ್ ಕೆಟ್ಟಿದೆ.

ಇದಕ್ಕೆ ಇಷ್ಟು ಒತ್ತು ಯಾಕೆ ಅಂದರೆ, ರೌಂಡ್ ಬೇಲರ್ ಒಂದೇ ಸಮನೆ ಓಡುವ ಯಂತ್ರ ಅಲ್ಲ. ಹುಲ್ಲು ಎತ್ತಿಕೊಳ್ಳುತ್ತಾ ಒಳಗೆ ಸುತ್ತುತ್ತದೆ. ಚೇಂಬರ್ ತುಂಬಿದ ಮೇಲೆ ನೀವು ಟ್ರ್ಯಾಕ್ಟರ್ ನಿಲ್ಲಿಸಬೇಕು. ಆಗ ರೋಲ್ ಒಳಗೇ ತಿರುಗುತ್ತಾ ಇರುವಾಗ ಅದಕ್ಕೆ ದಾರ ಸುತ್ತಿಕೊಳ್ಳುತ್ತದೆ. ಅಂದರೆ ಗಾಡಿ ನಿಂತಿರಬೇಕು, ಪಿಟಿಒ ತಿರುಗುತ್ತಿರಬೇಕು. ದಾರ ಕತ್ತರಿಸಿದ ಮೇಲೆ ಹಿಂದಿನ ಬಾಗಿಲು ತೆರೆದು ರೋಲ್ ಬೀಳಿಸಿ, ಬಾಗಿಲು ಮುಚ್ಚಿ, ಮತ್ತೆ ಹೊರಡುವುದು. ಎಕರೆಗೆ 60 ರೋಲ್ ಅಂದರೆ 60 ಸಲ ಹೀಗೆ ನಿಲ್ಲಬೇಕು.

ಡ್ಯುಯಲ್ ಕ್ಲಚ್ ಇದ್ದರೆ ಅರ್ಧ ಪೆಡಲ್ ಒತ್ತಿ, ನ್ಯೂಟ್ರಲ್‌ಗೆ ತಂದು, ಕಾಲು ತೆಗೆದರೆ ಆಯಿತು. ಪಿಟಿಒ ಒಂದು ಕ್ಷಣವೂ ನಿಲ್ಲುವುದಿಲ್ಲ. ಸಿಂಗಲ್ ಆದರೆ ಕ್ಲಚ್ ಒತ್ತಿದ ಕೂಡಲೇ ಬೇಲರ್ ಕೂಡ ನಿಲ್ಲುತ್ತದೆ. ನ್ಯೂಟ್ರಲ್ ಮಾಡಿ ಕ್ಲಚ್ ಬಿಟ್ಟಾಗ, ತುಂಬಿದ ಚೇಂಬರನ್ನು ನಿಂತಲ್ಲಿಂದ ಮತ್ತೆ ತಿರುಗಿಸಬೇಕು. ಅದೇ ಅತಿ ಭಾರದ ಹೊತ್ತು. ಕ್ಲಚ್ಚನ್ನು ಒಮ್ಮೆಲೇ ಬಿಟ್ಟರೆ ಶಿಯರ್ ಬೋಲ್ಟ್ (ಭಾರ ಜಾಸ್ತಿಯಾದರೆ ಮುರಿಯಲೆಂದೇ ಇಟ್ಟ ಬೋಲ್ಟ್) ತುಂಡಾಗುತ್ತದೆ, ಇಲ್ಲವೇ ಎಂಜಿನ್ ಆಫ್ ಆಗುತ್ತದೆ. ಹಾಗಂತ ಸಿಂಗಲ್ ಕ್ಲಚ್‌ನಲ್ಲಿ ಆಗುವುದೇ ಇಲ್ಲ ಅಂತಲ್ಲ. ಚೇಂಬರ್ ಪೂರ್ತಿ ಬಿಗಿಯಾಗುವುದಕ್ಕೆ ಸ್ವಲ್ಪ ಮೊದಲೇ ನಿಲ್ಲಿಸಿ, ಕ್ಲಚ್ಚನ್ನು ಮೆಲ್ಲಗೆ ಬಿಟ್ಟು ಕೆಲಸ ಮಾಡುವವರು ಇದ್ದಾರೆ. ನಿಮ್ಮ ಐದು ಎಕರೆಗೆ ಅದು ನಡೆಯುತ್ತದೆ. ಊರಿಗೆಲ್ಲ ಬಾಡಿಗೆಗೆ ಹೊಡೆಯುತ್ತೇನೆ ಅಂದರೆ ಮಾತ್ರ ಮೊದಲು ಡ್ಯುಯಲ್ ಕ್ಲಚ್ ಕೂರಿಸಿಕೊಳ್ಳಿ. ಇಲ್ಲದಿದ್ದರೆ ಒಂದು ಸೀಸನ್ ಮುಗಿಯುವುದರೊಳಗೆ ಕ್ಲಚ್ ಪ್ಲೇಟ್ ಸುಟ್ಟಿರುತ್ತದೆ.

ಇನ್ನು ಶಕ್ತಿಯ ವಿಷಯ. 35 ಎಚ್‌ಪಿ ಅನ್ನುವುದು ಹೊಸ ಎಂಜಿನ್ನಿನ ಲೆಕ್ಕ. ಪಿಟಿಒಗೆ ಬರುವಷ್ಟರಲ್ಲಿ ನೂರಕ್ಕೆ ಹತ್ತು ಹದಿನೈದು ಭಾಗ ಗೇರುಗಳಲ್ಲೇ ಹೋಗಿರುತ್ತದೆ. ಪಿಸ್ಟನ್ ರಿಂಗ್ ಸವೆದಿದ್ದರೆ, ಡೀಸೆಲ್ ಚಿಮ್ಮಿಸುವ ನಾಜಲ್ ಸರಿಯಿಲ್ಲದಿದ್ದರೆ ಇನ್ನೂ ಕಡಿಮೆ. ಚಿಕ್ಕ ರೌಂಡ್ ಬೇಲರ್‌ಗಳಲ್ಲೂ ಸೈಜು ಬೇರೆ ಬೇರೆ. ಅರ್ಧ ಮೀಟರ್ ದಪ್ಪದ ರೋಲ್ ಮಾಡುವಂಥವು 25 ಎಚ್‌ಪಿಯ ಸಣ್ಣ ಟ್ರ್ಯಾಕ್ಟರ್‌ಗೂ ಆಗುತ್ತವೆ. ಎರಡು ಅಡಿ ದಪ್ಪ, ಮೂರು ಅಡಿ ಅಗಲದ ರೋಲ್ ಮಾಡುವಂಥವಕ್ಕೆ 35 ಎಚ್‌ಪಿ ಬೇಕು. ಮಾರುವವರ ಹತ್ತಿರ ಮಾದರಿ ಹೆಸರು ಕೇಳಿ, ಕೈಪಿಡಿಯಲ್ಲಿ ಎಷ್ಟು ಎಚ್‌ಪಿ ಬರೆದಿದೆ ಅಂತ ನೋಡಿ. ಕನಿಷ್ಠ ಅಂತ 35 ಬರೆದಿದ್ದರೆ ನಿಮ್ಮದು ಆ ಗಡಿಯಲ್ಲೇ ನಿಂತಿದೆ ಅಂತ ತಿಳಿಯಿರಿ. ಓಡುತ್ತದೆ, ಆದರೆ ಹುಲ್ಲಿನ ಸಾಲು ತೆಳ್ಳಗಿರಬೇಕು, ವೇಗವೂ ಕಡಿಮೆ ಇರಬೇಕು.

ಬೇಲರ್‌ಗೆ ಪಿಟಿಒ ನಿಮಿಷಕ್ಕೆ 540 ಸುತ್ತು ತಿರುಗಬೇಕು. ಹಳೆ ಗಾಡಿಗಳಲ್ಲಿ ಮೀಟರ್ ಕೆಟ್ಟಿರುವುದೇ ಜಾಸ್ತಿ, ಅಲ್ವಾ? ಎಂಜಿನ್ ಶಬ್ದದ ಅಂದಾಜಿನಲ್ಲಿ ಓಡಿಸಬೇಡಿ. ಪಿಟಿಒ ತುದಿಗೆ ಬಿಳಿ ಬಣ್ಣದ ಒಂದು ಗುರುತು ಹಾಕಿ, ಮೊಬೈಲ್‌ನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆದು ಎಣಿಸಿ. ಸೆಕೆಂಡಿಗೆ ಒಂಬತ್ತು ಸುತ್ತು ಬಂದರೆ ಅದೇ 540. ಆ ಹೊತ್ತಿಗೆ ಕೈ ಆಕ್ಸಿಲರೇಟರ್ ಎಲ್ಲಿತ್ತೋ ಅಲ್ಲೊಂದು ಗೆರೆ ಎಳೆದಿಡಿ. ಹುಲ್ಲು ಕಟ್ಟುವಾಗ ಆ ಗೆರೆಯಿಂದ ಕೆಳಗೆ ಇಳಿಸಬಾರದು. ಹುಲ್ಲು ಜಾಸ್ತಿ ಬಂತು, ಬೇಲರ್ ಒದ್ದಾಡುತ್ತಿದೆ ಅಂತ ಆಕ್ಸಿಲರೇಟರ್ ಇಳಿಸಿದರೆ ಪಿಟಿಒ ವೇಗವೂ ಇಳಿದು ಬಾಯಿ ಕಟ್ಟಿಕೊಳ್ಳುತ್ತದೆ. ನಿಧಾನ ಹೋಗಬೇಕಾದರೆ ಕೆಳಗಿನ ಗೇರ್ ಹಾಕಬೇಕು. ನಿಮ್ಮದರಲ್ಲಿ ಮುಂದಕ್ಕೆ ಆರೇ ಗೇರ್. ದಪ್ಪ ಸಾಲಿನಲ್ಲಿ ಲೋ ಫಸ್ಟ್, ತೆಳು ಸಾಲಿನಲ್ಲಿ ಲೋ ಸೆಕೆಂಡ್. ಅದಕ್ಕಿಂತ ಮೇಲೆ ಹೋಗುವ ಅವಸರ ಬೇಡ.

ಚೌಕದ ಬೇಲರ್ ಯಾಕೆ ಬೇಡ ಅಂತ ಕಾರಣ ಕೊಡಬೇಕಲ್ಲ. ಅದರೊಳಗೆ ಒಂದು ದೊಡ್ಡ ಪ್ಲಂಜರ್ ಇರುತ್ತದೆ. ನಿಮಿಷಕ್ಕೆ ಎಂಬತ್ತರಿಂದ ನೂರು ಸಲ ಹುಲ್ಲನ್ನು ಗುದ್ದಿ ಗುದ್ದಿ ಒತ್ತುತ್ತದೆ. ಪ್ರತಿ ಗುದ್ದೂ ಟ್ರ್ಯಾಕ್ಟರ್‌ಗೆ ಒಂದು ಎಳೆತ. ಆ ಎಳೆತವನ್ನು ತಡೆದುಕೊಳ್ಳಲು ಫ್ಲೈವೀಲ್ ಅನ್ನುವ ಭಾರದ ಚಕ್ರ ಕೊಟ್ಟಿರುತ್ತಾರೆ. ಸಿಂಗಲ್ ಕ್ಲಚ್ ಟ್ರ್ಯಾಕ್ಟರ್‌ನಲ್ಲಿ ಅಪಾಯ ಇರುವುದು ಅಲ್ಲೇ. ನೀವು ಕ್ಲಚ್ ಒತ್ತಿದರೂ ತಿರುಗುತ್ತಿರುವ ಫ್ಲೈವೀಲ್ ಪಿಟಿಒ ಮೂಲಕ ಗೇರ್‌ಬಾಕ್ಸನ್ನೇ ತಿರುಗಿಸಿ ಟ್ರ್ಯಾಕ್ಟರನ್ನು ಮುಂದಕ್ಕೆ ತಳ್ಳುತ್ತದೆ. ಬದುವಿನ ಹತ್ತಿರ, ನಾಲೆ ಏರಿ ಹತ್ತಿರ ಹೀಗಾದರೆ ಜೀವಕ್ಕೇ ಕುತ್ತು. ಇದನ್ನು ತಡೆಯಲು ಓವರ್‌ರನ್ನಿಂಗ್ ಕ್ಲಚ್ ಅಂತ ಒಂದು ಭಾಗ ಇದೆ, ಸೈಕಲ್ಲಿನ ಫ್ರೀವೀಲ್ ಇದ್ದ ಹಾಗೆ. ಟ್ರ್ಯಾಕ್ಟರ್ ಬೇಲರನ್ನು ತಿರುಗಿಸಬಹುದು, ಬೇಲರ್ ಟ್ರ್ಯಾಕ್ಟರನ್ನು ತಿರುಗಿಸಲಾಗದು. ಹಳೆ ಬೇಲರ್‌ನಲ್ಲಿ ಅದು ಕೆಟ್ಟು ಹಿಡಿದುಕೊಂಡಿದ್ದರೆ ಹೊರಗಿನಿಂದ ಗೊತ್ತೇ ಆಗುವುದಿಲ್ಲ.

ಭಾರದ ತೊಂದರೆಯೂ ಇದೆ. ಚೌಕದ ಬೇಲರ್ ಸುಮಾರಾಗಿ ಒಂದು ಟನ್ನಿಗಿಂತ ಮೇಲೇ ತೂಗುತ್ತದೆ. ನಿಮ್ಮ ಟ್ರ್ಯಾಕ್ಟರ್ ಎರಡು ಟನ್ ಕೂಡ ಇಲ್ಲ. ಇಂಗ್ಲೆಂಡಿನಲ್ಲಿ ಇದೇ 35 ಮಾದರಿಯ ಟ್ರ್ಯಾಕ್ಟರ್‌ಗಳು ಚೌಕದ ಬೇಲರ್ ಎಳೆದಿವೆ, ಹಳೆ ಗಾಡಿ ಪ್ರೀತಿಸುವವರು ಇವತ್ತಿಗೂ ಎಳೆಸುತ್ತಾರೆ. ಆದರೆ ಅಲ್ಲಿ ಗಟ್ಟಿ ನೆಲದ ಹುಲ್ಲುಗಾವಲು, ಉದ್ದದ ಹೊಲ, ಒಣಗಿದ ಹಗುರ ಹುಲ್ಲು. ನಿಮ್ಮಲ್ಲಿ ಕಾಲು ಎಕರೆ, ಅರ್ಧ ಎಕರೆಯ ಗದ್ದೆಗಳು, ನಡುವೆ ಬದು, ಕೆಳಗೆ ಇನ್ನೂ ಒದ್ದೆ ನೆಲ. ಆ ಬೇಲರ್ ಟ್ರ್ಯಾಕ್ಟರ್‌ನ ನೇರ ಹಿಂದೆ ಬರುವುದಿಲ್ಲ, ಒಂದು ಪಕ್ಕಕ್ಕೆ ಚಾಚಿಕೊಂಡು ಬರುತ್ತದೆ. ಪ್ರತಿ ಮೂಲೆಯಲ್ಲೂ ಹೊರಳಿಸುವುದೇ ಒಂದು ಕೆಲಸವಾಗುತ್ತದೆ.

ಗಂಟು ಹಾಕುವ ಭಾಗದ ಬಗ್ಗೆಯೂ ಹೇಳಬೇಕು. ಅದನ್ನು ನಾಟರ್ ಅನ್ನುತ್ತಾರೆ. ಎರಡು ಸೂಜಿ ಕೆಳಗಿಂದ ದಾರ ಮೇಲೆ ತರುತ್ತವೆ, ಒಂದು ಕೊಕ್ಕು ತಿರುಗಿ ಗಂಟು ಹಾಕುತ್ತದೆ, ಚಾಕು ಕತ್ತರಿಸುತ್ತದೆ, ಎಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ. ತುಂಬ ಜಾಣತನದ ಯಂತ್ರ ಅದು, ನನಗೆ ಅದರ ಮೇಲೆ ಬಹಳ ಗೌರವ ಇದೆ. ಆದರೆ ಸವೆದ ನಾಟರನ್ನು ಸರಿಯಾಗಿ ಸೆಟ್ ಮಾಡುವ ಮೆಕ್ಯಾನಿಕ್ ಊರೂರಲ್ಲಿ ಸಿಗುವುದಿಲ್ಲ. ಭತ್ತದ ಹುಲ್ಲಿನಲ್ಲಿ ಮರಳಿನಂಥ ಸಿಲಿಕಾ ಅಂಶ ಜಾಸ್ತಿ. ಅದು ಚಾಕು, ಕೊಕ್ಕು, ನೆಲದಿಂದ ಹುಲ್ಲು ಎತ್ತುವ ಪಿಕಪ್ ಹಲ್ಲು ಎಲ್ಲವನ್ನೂ ಬೇಗ ತಿನ್ನುತ್ತದೆ. ಸೂಜಿಯ ಟೈಮಿಂಗ್ ತಪ್ಪಿದರೆ ಪ್ಲಂಜರ್ ಬಂದು ಸೂಜಿಗೇ ಹೊಡೆಯುತ್ತದೆ. ಯಾರಾದರೂ ಒತ್ತಾಯ ಮಾಡಿ ನೀವು ಚೌಕದ್ದನ್ನೇ ನೋಡಲು ಹೋದರೆ, ಪಿಟಿಒ ಬಿಚ್ಚಿ, ನಾಟರನ್ನು ಕೈಯಲ್ಲಿ ಟ್ರಿಪ್ ಮಾಡಿ, ಫ್ಲೈವೀಲನ್ನು ಅದು ತಿರುಗುವ ದಿಕ್ಕಿಗೇ ಕೈಯಿಂದ ತಿರುಗಿಸಿ. ಸೂಜಿಗಳು ಎಲ್ಲೂ ತಾಗದೆ ಮೇಲೆ ಬಂದು ಇಳಿಯಬೇಕು. ಸೂಜಿಗೆ ಬೆಸುಗೆ ಹಾಕಿದ ಗುರುತು ಕಂಡರೆ ಅಲ್ಲಿಗೆ ಮಾತು ಮುಗಿಸಿ ಬನ್ನಿ.

ಈಗ ರೌಂಡ್ ಬೇಲರ್‌ಗೆ ಬರೋಣ. ಹೊಸ ಬಣ್ಣ ನೋಡಿ ಮರುಳಾಗಬೇಡಿ. ಮಾರುವ ಮುಂಚೆ ಬಣ್ಣ ಹೊಡೆಸುವುದು ಎಲ್ಲ ಕಡೆ ಇದ್ದದ್ದೇ. ಮೊದಲು ಪಕ್ಕದ ಕವರ್ ತೆಗೆಸಿ, ಚೈನ್ ಮತ್ತು ಸ್ಪ್ರಾಕೆಟ್ ನೋಡಿ. ಸ್ಪ್ರಾಕೆಟ್ಟಿನ ಹಲ್ಲುಗಳು ಒಂದೇ ಕಡೆಗೆ ಬಾಗಿ ಕೊಕ್ಕೆಯಂತಾಗಿದ್ದರೆ ಅದು ಬಹಳ ಕೆಲಸ ಮಾಡಿದೆ. ಚೈನನ್ನು ಸ್ಪ್ರಾಕೆಟ್ ಮೇಲಿಂದ ಬೆರಳಲ್ಲಿ ಎಳೆದು ನೋಡಿ. ಹಲ್ಲು ಕಾಣುವಷ್ಟು ಎದ್ದು ಬಂದರೆ ಸವೆದಿದೆ. ಹಳೆ ಸ್ಪ್ರಾಕೆಟ್ಟಿಗೆ ಹೊಸ ಚೈನ್ ಹಾಕಿ ತೋರಿಸುತ್ತಾರೆ, ಅದು ಜಾಸ್ತಿ ದಿನ ಬಾಳುವುದಿಲ್ಲ. ಎರಡನ್ನೂ ಒಟ್ಟಿಗೇ ಬದಲಿಸಬೇಕು. ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ರೋಲರ್‌ಗಳ ಎರಡೂ ತುದಿಯ ಬೇರಿಂಗ್ ಮುಖ್ಯ. ಎಂಜಿನ್ ಆಫ್ ಮಾಡಿ, ಪಿಟಿಒ ಶಾಫ್ಟ್ ಬಿಚ್ಚಿದ ಮೇಲೆ, ಸಬ್ಬಲ್ಲಿನಿಂದ ಪ್ರತಿ ರೋಲರನ್ನು ಮೇಲಕ್ಕೆ ಮೀಟಿ ನೋಡಿ. ಅಲ್ಲಾಡಿದರೆ ಬೇರಿಂಗ್ ಹೋಗಿದೆ. ಬರೀ ಬೇರಿಂಗ್ ಆದರೆ ಪರವಾಗಿಲ್ಲ, ಪೇಟೆಯಲ್ಲಿ ಸಿಗುತ್ತದೆ. ಆದರೆ ಕೆಟ್ಟ ಬೇರಿಂಗಿನಲ್ಲೇ ಓಡಿಸಿ ಶಾಫ್ಟ್ ತುದಿ ಸವೆದಿದ್ದರೆ ಲೇತ್ ಕೆಲಸ ಬೀಳುತ್ತದೆ. ರೋಲರಿನ ತಗಡು ಬಿರುಕು ಬಿಟ್ಟಿದೆಯಾ, ಬೆಸುಗೆ ಹಾಕಿದ್ದಾರಾ, ಬಾಗಿದೆಯಾ ಅಂತ ಬಾಗಿಲು ತೆರೆಸಿ ಒಳಗೆ ಟಾರ್ಚ್ ಬಿಟ್ಟು ನೋಡಿ. ಬಾಗಿಲು ತೆರೆದಿರುವಾಗ ತಲೆ ಒಳಗೆ ಹಾಕುವ ಮುನ್ನ ಕೆಳಗೆ ಗಟ್ಟಿ ಆಧಾರ ಕೊಡಿ. ಹೈಡ್ರಾಲಿಕ್ ಎಣ್ಣೆಯ ಬಲದ ಮೇಲೆ ನಿಂತ ಬಾಗಿಲನ್ನು ನಂಬಬಾರದು.

ಬಾಗಿಲು ತೆರೆಯುವುದು ಹೇಗೆ ಅಂತ ಈಗಲೇ ಕೇಳಿ. ಕೆಲವಕ್ಕೆ ಕೈಯಲ್ಲಿ ಎಳೆಯುವ ಹಗ್ಗ ಅಥವಾ ಲಿವರ್ ಇರುತ್ತದೆ. ಕೆಲವಕ್ಕೆ ಟ್ರ್ಯಾಕ್ಟರಿನಿಂದ ಹೈಡ್ರಾಲಿಕ್ ಪೈಪ್ ಕೊಡಬೇಕು. ನಿಮ್ಮ ಕಾಲದ ಗಾಡಿಗಳಲ್ಲಿ ಹಿಂದೆ ಪೈಪ್ ಸಿಕ್ಕಿಸುವ ವಾಲ್ವ್ ಸಾಮಾನ್ಯವಾಗಿ ಇರುವುದಿಲ್ಲ. ಟಿಪ್ಪಿಂಗ್ ಟ್ರೈಲರ್‌ಗೆ ಅಂತ ಮೊದಲೇ ಹಾಕಿಸಿದ್ದರೆ ಅದೇ ಸಾಕಾಗಬಹುದು. ಇಲ್ಲದಿದ್ದರೆ ವಾಲ್ವ್ ಹಾಕಿಸುವ ಖರ್ಚೂ ಬೇಲರ್ ಬೆಲೆಗೇ ಸೇರುತ್ತದೆ. ಮೂರು ಪಾಯಿಂಟ್ ಲಿಂಕೇಜಿಗೆ (ಟ್ರ್ಯಾಕ್ಟರ್ ಹಿಂದಿನ ಎತ್ತುವ ತೋಳುಗಳಿಗೆ) ಏರುವ ಬೇಲರ್ ಆದರೆ, ಎತ್ತಿದಾಗ ಮುಂದಿನ ಚಕ್ರ ಹಗುರಾಗಿ ಸ್ಟೀರಿಂಗ್ ಮಾತು ಕೇಳುವುದಿಲ್ಲ. ಮುಂದೆ ವೇಟ್ ಹಾಕಿಯೇ ರಸ್ತೆಗೆ ಇಳಿಯಿರಿ.

ದಾರದ ಕೈ ಸಲೀಸಾಗಿ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಬೇಕು, ಚಾಕು ಒಂದೇ ಏಟಿಗೆ ಕತ್ತರಿಸಬೇಕು. ಪಿಕಪ್ ಹಲ್ಲು ನಾಲ್ಕೈದು ಮುರಿದಿದ್ದರೆ ಹೆದರಬೇಡಿ, ಅವು ಮುರಿಯುವುದಕ್ಕೇ ಇರುವ ಭಾಗ. ಗೇರ್‌ಬಾಕ್ಸ್ ಎಣ್ಣೆ ಸ್ವಲ್ಪ ತೆಗೆದು ಬೆರಳ ನಡುವೆ ಉಜ್ಜಿ. ಕಬ್ಬಿಣದ ಪುಡಿ ಮಿನುಗಿದರೆ, ಅಥವಾ ನೀರು ಸೇರಿ ಹಾಲಿನ ಬಣ್ಣ ಆಗಿದ್ದರೆ ಒಳಗೆ ಖರ್ಚು ಕಾದಿದೆ.

ಇಷ್ಟೆಲ್ಲ ನೋಡಿದ ಮೇಲೂ ಕಡೆಯ ತೀರ್ಮಾನ ಗದ್ದೆಯಲ್ಲಿ. ನಿಮ್ಮದೇ ಟ್ರ್ಯಾಕ್ಟರ್ ತಗೊಂಡು ಹೋಗಿ ಓಡಿಸಿ. ಮಾರುವವರು ತಮ್ಮ 50 ಎಚ್‌ಪಿ ಗಾಡಿಗೆ ಕಟ್ಟಿ ತೋರಿಸಿದರೆ ಅದು ನಿಮಗೆ ಏನನ್ನೂ ಹೇಳುವುದಿಲ್ಲ. ಹತ್ತಿಪ್ಪತ್ತು ರೋಲ್ ಬಿಡದೆ ಕಟ್ಟಿ. ಪ್ರತಿ ರೋಲಿನ ಕಡೆಯ ಹೊತ್ತಿನಲ್ಲಿ, ಚೇಂಬರ್ ಬಿಗಿಯಾಗುವಾಗ, ಎಂಜಿನ್ ಶಬ್ದ ಕೇಳಿ. ಸ್ವಲ್ಪ ತಗ್ಗಿ ಮತ್ತೆ ಹಿಡಿದುಕೊಂಡರೆ ಸರಿ. ಕಪ್ಪು ಹೊಗೆ ಬಿಟ್ಟು ಕುಸಿಯುತ್ತಲೇ ಹೋದರೆ ಆ ಬೇಲರ್ ನಿಮ್ಮ ಗಾಡಿಗೆ ದೊಡ್ಡದು. ನಿಲ್ಲಿಸಿದ ಮೇಲೆ ಒಂದೊಂದೇ ಬೇರಿಂಗ್ ಹತ್ತಿರ ಕೈ ಹಿಡಿದು ಕಾವು ನೋಡಿ. ಒಂದು ಮಾತ್ರ ಸುಡುತ್ತಿದ್ದರೆ ಕಾಯಿಲೆ ಅಲ್ಲಿದೆ. ಬಿಸಿ ಬೇರಿಂಗ್, ಒಣ ಹುಲ್ಲಿನ ಧೂಳು ಸೇರಿ ಬೇಲರ್‌ಗೆ ಬೆಂಕಿ ಬೀಳುವುದು ಅಪರೂಪವೇನಲ್ಲ.

ರೋಲ್ ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ ಬಂದರೆ ಯಂತ್ರವನ್ನು ದೂರಬೇಡಿ. ಹುಲ್ಲು ಒಂದೇ ಪಕ್ಕದಿಂದ ಹೋಗಿರುತ್ತದೆ. ಸಾಲಿನ ಮೇಲೆ ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಓಡಿಸಿದರೆ ಸರಿಹೋಗುತ್ತದೆ. ಕಂಬೈನ್ ಯಾವುದು ಅನ್ನುವುದೂ ಮುಖ್ಯ. ಸ್ಟ್ರಾ ವಾಕರ್ (ಹುಲ್ಲನ್ನು ಅಲುಗಿಸಿ ಹಿಂದಕ್ಕೆ ಸಾಗಿಸುವ ಭಾಗ) ಇರುವ ಕಂಬೈನ್ ಹುಲ್ಲನ್ನು ಉದ್ದಕ್ಕೆ ಸಾಲಾಗಿ ಬಿಡುತ್ತದೆ. ಆಕ್ಸಿಯಲ್ ಫ್ಲೋ ಅನ್ನುವ ಬಗೆಯದು ಹುಲ್ಲನ್ನು ಜಾಸ್ತಿ ಪುಡಿ ಮಾಡುತ್ತದೆ. ಪುಡಿ ಹುಲ್ಲು ಅರ್ಧ ಕೆಳಗೇ ಉದುರುತ್ತದೆ, ರೋಲ್ ಸಡಿಲವಾಗುತ್ತದೆ. ಕೊಯ್ಲಿಗೆ ಕಂಬೈನ್ ಮಾತಾಡುವಾಗಲೇ ಇದನ್ನು ಕೇಳಿಕೊಳ್ಳಿ.

ಹುಲ್ಲು ಚೆನ್ನಾಗಿ ಒಣಗಿದ ಮೇಲೇ ಕಟ್ಟಿ. ಒಂದು ಹಿಡಿ ತಗೊಂಡು ತಿರುಚಿ, ಗೆಣ್ಣಿನ ಹತ್ತಿರ ಉಗುರಿನಿಂದ ಒತ್ತಿ ನೋಡಿ. ತೇವ ಕಂಡರೆ ಇನ್ನೂ ಬಿಡಿ. ನೂರಕ್ಕೆ ಇಪ್ಪತ್ತಕ್ಕಿಂತ ಜಾಸ್ತಿ ತೇವ ಇರುವ ಹುಲ್ಲನ್ನು ಬಿಗಿಯಾಗಿ ಸುತ್ತಿಟ್ಟರೆ ಒಳಗೆ ಕಾವೆದ್ದು ಬೂಷ್ಟು ಹಿಡಿಯುತ್ತದೆ. ಅದನ್ನು ಹಸುವಿಗೆ ಹಾಕಬಾರದು. ಬೆಳಗಿನ ಇಬ್ಬನಿ ಆರಿದ ಮೇಲೆ ಶುರು ಮಾಡಿ. ಪ್ಲಾಸ್ಟಿಕ್ ದಾರ ಬಳಸುವುದಾದರೆ ಮೇವು ಹಾಕುವಾಗ ದಾರವನ್ನು ಒಂದು ಎಳೆಯೂ ಬಿಡದೆ ತೆಗೆಯಲೇಬೇಕು. ಹಸುವಿನ ಹೊಟ್ಟೆಯಲ್ಲಿ ಅದು ಕರಗುವುದಿಲ್ಲ, ಗಂಟುಗಂಟಾಗಿ ಉಳಿಯುತ್ತದೆ. ಸಾಧ್ಯವಾದರೆ ಸೆಣಬಿನ ದಾರವನ್ನೇ ತಗೊಳ್ಳಿ.

ಪಿಟಿಒ ಶಾಫ್ಟ್ ಬಗ್ಗೆ ದಯವಿಟ್ಟು ಗಮನ ಕೊಟ್ಟು ಓದಿ. ಹಳೆ ಬೇಲರ್ ಜೊತೆ ಬರುವ ಶಾಫ್ಟಿಗೆ ಎಷ್ಟೋ ಸಲ ಪ್ಲಾಸ್ಟಿಕ್ ಕವರ್ ಇರುವುದಿಲ್ಲ. ಇಲ್ಲದಿದ್ದರೆ ಹೊಸದು ಹಾಕಿಸದೆ ಓಡಿಸಬೇಡಿ. ಸೆಕೆಂಡಿಗೆ ಒಂಬತ್ತು ಸುತ್ತು ತಿರುಗುವ ಶಾಫ್ಟಿಗೆ ಲುಂಗಿ ಅಂಚೋ, ಹೆಗಲ ಮೇಲಿನ ಟವೆಲ್ಲೋ, ದುಪಟ್ಟಾವೋ ಸಿಕ್ಕಿದರೆ ಬಿಡಿಸಿಕೊಳ್ಳಲು ಸಮಯವೇ ಇರುವುದಿಲ್ಲ. ಹುಲ್ಲು ಸಿಕ್ಕಿಕೊಂಡಾಗ ಪಿಟಿಒ ತಿರುಗುತ್ತಿರುವಂತೆಯೇ ಕೈಯಿಂದ ಎಳೆಯಲು ಹೋಗಿ ಕೈ ಕಳೆದುಕೊಂಡವರಿದ್ದಾರೆ. ಎಂಜಿನ್ ಆಫ್ ಮಾಡಿ, ಎಲ್ಲ ನಿಂತ ಮೇಲೇ ಇಳಿಯಿರಿ. ಶಾಫ್ಟಿನ ಒಳಗಿನ ಮತ್ತು ಹೊರಗಿನ ಕೊಳವೆ ಒಂದರೊಳಗೊಂದು ಕನಿಷ್ಠ ಮೂರನೇ ಒಂದು ಭಾಗ ಕೂತಿರಬೇಕು. ತಿರುವಿನಲ್ಲಿ ಒಂದಕ್ಕೊಂದು ತಳಕ್ಕೆ ತಾಗಲೂಬಾರದು.

ದುಡ್ಡಿನ ಲೆಕ್ಕ ನಿಮ್ಮ ಅಂಕಿಯಲ್ಲೇ ಹಾಕೋಣ. ಐದು ಎಕರೆ, ಎಕರೆಗೆ 60 ರೋಲ್, ರೋಲಿಗೆ 40 ರೂಪಾಯಿ. ಒಂದು ಬೆಳೆಗೆ 12,000. ಎರಡು ಬೆಳೆ ತೆಗೆದರೆ ವರ್ಷಕ್ಕೆ 24,000. ಅದರಲ್ಲಿ ದಾರ, ಡೀಸೆಲ್, ರಿಪೇರಿ ಕಳೆದರೆ ಉಳಿಯುವುದು ಇನ್ನೂ ಕಡಿಮೆ. ನಿಮ್ಮ ಹುಲ್ಲಿಗೆ ಮಾತ್ರ ಅಂತಾದರೆ 1.9 ಲಕ್ಷ ವಾಪಸ್ ಬರಲು ಎಂಟು ವರ್ಷ ಸಾಲದು. ಅಕ್ಕಪಕ್ಕದವರ ಇಪ್ಪತ್ತು ಎಕರೆ ಸೇರಿಸಿಕೊಂಡರೆ ಲೆಕ್ಕ ಬೇರೆ. ಇಲ್ಲವೇ ಮೂರ್ನಾಲ್ಕು ಮನೆಯವರು ಸೇರಿ ತಗೊಳ್ಳಿ. ಮಳೆಗೆ ಸಿಕ್ಕಿ ಹುಲ್ಲು ಹಾಳಾಗುವುದು ತಪ್ಪುತ್ತದೆ ಅನ್ನುವುದಕ್ಕೂ ಬೆಲೆ ಇದೆ, ಆರು ಹಸು ಇರುವ ಮನೆಗೆ ಅದು ಸಣ್ಣ ಮಾತಲ್ಲ. ಆದರೂ ಸಾಲ ಮಾಡಿ ಒಬ್ಬರೇ ತಗೊಳ್ಳುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ.

ಬೇಲರ್‌ಗೆ ಟ್ರ್ಯಾಕ್ಟರ್ ಥರ ಆರ್‌ಸಿ ಪುಸ್ತಕ ಇರುವುದಿಲ್ಲ. ಅದಕ್ಕೆ ಮೊದಲ ಬಿಲ್ ಕೇಳಿ, ಬಿಲ್ಲಿನಲ್ಲಿರುವ ಸೀರಿಯಲ್ ನಂಬರ್ ಯಂತ್ರದ ಪ್ಲೇಟಿನ ನಂಬರಿಗೆ ಹೊಂದುತ್ತದಾ ನೋಡಿ. ಸಬ್ಸಿಡಿಯಲ್ಲಿ ತಗೊಂಡದ್ದಾದರೆ ಇಷ್ಟು ವರ್ಷ ಮಾರಬಾರದು ಅನ್ನುವ ಷರತ್ತು ಇರಬಹುದು, ನಿಮ್ಮ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಬ್ಯಾಂಕ್ ಸಾಲ ಬಾಕಿ ಇದ್ದರೆ ತೀರಿಸಿದ ಪತ್ರ ಕೈಗೆ ಬರುವವರೆಗೆ ದುಡ್ಡು ಕೊಡಬೇಡಿ. ಮೇಲೆ ಹೇಳಿದ ಪರೀಕ್ಷೆಯಲ್ಲಿ ಚೈನ್, ಸ್ಪ್ರಾಕೆಟ್, ಬೇರಿಂಗ್, ಶಾಫ್ಟ್ ಕವರ್ ಏನೇನು ಬೇಕಾಗುತ್ತದೋ ಬರೆದುಕೊಳ್ಳಿ. ಬಿಡಿಭಾಗದ ಅಂಗಡಿಯಲ್ಲಿ ಅವುಗಳ ಬೆಲೆ ಕೇಳಿಕೊಂಡು, ಆ ಚೀಟಿ ಹಿಡಿದೇ ಚೌಕಾಸಿಗೆ ಕೂರಿ.

ಕ್ಲಚ್ ಪರೀಕ್ಷೆ ಮಾಡಿದ ಮೇಲೆ ಏನಾಯಿತು ಅಂತ ಬರೆಯಿರಿ. ರೌಂಡ್ ಬೇಲರಿನ ಮಾದರಿ ಹೆಸರನ್ನೂ ಕಳಿಸಿದರೆ ನಿಮ್ಮ ಗಾಡಿಗೆ ಆಗುತ್ತದೋ ಇಲ್ಲವೋ ಇನ್ನೂ ಖಚಿತವಾಗಿ ಹೇಳುತ್ತೇನೆ.